ಹಿಂದೂಪುರದಲ್ಲಿ ಹೆಪ್ಪುಗಟ್ಟಿದ ನೀರು

೨೦೧೯ರ ಡಿಸೆಂಬರ್. ಹಿಂದೂಪುರದಿಂದ ಪರಿಗಿಗೆ ಹೋಗುವ ರಸ್ತೆಯಲ್ಲಿದ್ದ ಒಂದು ಖಾಸಗಿ ಕೋಲ್ಡ್ ಸ್ಟೋರೇಜಿನಲ್ಲಿ ನಾನು ಮೇಂಟೆನೆನ್ಸ್ ಸೂಪರ್‌ವೈಸರ್. ಬೆಳಿಗ್ಗೆ ಆರಕ್ಕೆ ಗೇಟು, ಆರೂಕಾಲಿಗೆ ಮೊದಲ ರೀಡಿಂಗ್, ಆರೂವರೆಗೆ ಲಾಗ್‌ಬುಕ್ಕಿನಲ್ಲಿ ಸಹಿ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಈ ಕ್ರಮ ತಪ್ಪಿಸಿದವನಲ್ಲ.

ಅಲ್ಲಿ ಸ್ವೀಟ್ ಕಾರ್ನ್ ಮತ್ತು ಬಟಾಣಿಯನ್ನು ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಇಡುತ್ತಿದ್ದೆವು. ಕೋಣೆಯ ಮುಂದೆ ಆಂಟಿರೂಮ್ ಎಂಬ ಸಣ್ಣ ಹಜಾರ. ಹೊರಗಿನ ಬಿಸಿಗಾಳಿ ನೇರವಾಗಿ ಒಳಗೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಆಪರೇಟರನ ಒಂದು ಕೋಣೆಯ ಕ್ವಾರ್ಟರ್ಸನ್ನು ಅದರ ಗೋಡೆಗೇ ಅಂಟಿಸಿ ಕಟ್ಟಿದ್ದರು. ಕಟ್ಟಿದವನು ಉದ್ದ ಉಳಿಸಲು ಮನೆಯ ನೀರಿನ ಪೈಪನ್ನು ಆಂಟಿರೂಮಿನ ಒಳಗಿನಿಂದಲೇ ಎಳೆದುಬಿಟ್ಟಿದ್ದ.

ಬೇಸಿಗೆಯಲ್ಲಿ ಲಾರಿಗಳು ಬಂದು ಹೋಗುತ್ತಿದ್ದುದರಿಂದ ಆಂಟಿರೂಮಿನ ಹೊರಬಾಗಿಲು ತೆರೆದೇ ಇರುತ್ತಿತ್ತು, ಪೈಪಿಗೆ ಅಪಾಯವಿರಲಿಲ್ಲ. ಡಿಸೆಂಬರಿನಲ್ಲಿ ಲಾರಿ ಕಡಿಮೆಯಾದವು, ಹೊರಗಿನ ಚಳಿಯೂ ಸೇರಿತು. ಒಂದು ಬೆಳಿಗ್ಗೆ ಆಪರೇಟರ್ ಓಬಳೇಶ ಓಡಿ ಬಂದ.

"ಸಾರ್, ಮನೇಲಿ ನಲ್ಲಿ ಬತ್ತಾ ಇಲ್ಲ. ಪೈಪ್ ಮುಟ್ಟಿದ್ರೆ ಕೈ ಅಂಟ್ಕೊಳ್ತೈತೆ. ಇದು ಹಿಂದೂಪುರವೋ ಕಾಶ್ಮೀರವೋ?"

ಪೈಪಿನ ಮೈಮೇಲೆ ಬಿಳಿ ಮಂಜು ಕೂತಿತ್ತು. ಬಿಸಿನೀರಿನ ಬಟ್ಟೆ ಸುತ್ತಿ ಕರಗಿಸಿದೆವು. ಪೈಪು ಉಳಿಯಿತು. ಹೊರಗಿನಿಂದ ಹೊಸ ಪೈಪು ಎಳೆಯಲು ಪ್ಲಂಬರನಿಗೆ ಹೇಳಿದೆ. ಅವನು ಶನಿವಾರ ಬರುತ್ತೇನೆಂದ. ಅಲ್ಲಿಯವರೆಗೆ ಪೈಪಿಗೆ ಥರ್ಮೋಕೋಲ್ ಸುತ್ತಿಸಿದೆ. ಅಡುಗೆಮನೆಯ ನಲ್ಲಿಯಲ್ಲಿ ಕಡ್ಡಿಯಷ್ಟು ಸಣ್ಣ ಧಾರೆ ಸದಾ ಹರಿಯುವಂತೆ ನಾನೇ ತಿರುಗಿಸಿಟ್ಟೆ. ಹರಿಯುವ ನೀರು ಬೇಗ ಗಟ್ಟಿಯಾಗುವುದಿಲ್ಲ. ಗಟ್ಟಿಯಾದರೂ ಒತ್ತಡಕ್ಕೆ ಹೊರದಾರಿ ಇರುತ್ತದೆ. ನಲ್ಲಿ ಮುಚ್ಚಿದ್ದರೆ ಮಂಜುಗಡ್ಡೆಗೂ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರು ಪೈಪನ್ನೇ ಸೀಳುತ್ತದೆ.

"ನಲ್ಲಿ ಮುಚ್ಚಬಾರದು" ಎಂದು ಇಂಗ್ಲಿಷಿನಲ್ಲಿ ಚೆಕ್‌ಲಿಸ್ಟಿಗೆ ಸೇರಿಸಿ ಮೆಷಿನ್ ರೂಮಿನ ಗೋಡೆಗೆ ಹಚ್ಚಿದೆ. ಓಬಳೇಶ ಓದಿ ಸಹಿ ಮಾಡಿದ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಆ ನಲ್ಲಿಯ ಮುಂದೆ ದಿನವಿಡೀ ನಿಲ್ಲುವವಳು ಅವನ ಹೆಂಡತಿ ತಿಮ್ಮಕ್ಕ. ನಾನು ನಲ್ಲಿ ತಿರುಗಿಸುವಾಗ ಆಕೆ ಬಾಗಿಲ ಹೊರಗೇ ನಿಂತಿದ್ದಳು. ಆಕೆಗೆ ನಾನು ಒಂದು ಮಾತನ್ನೂ ಹೇಳಲಿಲ್ಲ.

ತಿಮ್ಮಕ್ಕ ಕಲ್ಯಾಣದುರ್ಗದ ಕಡೆಯವಳು. ಅವಳ ಬೀದಿಗೆ ನೀರು ಬರುತ್ತಿದ್ದುದು ಕೆಲವು ದಿನಗಳಿಗೊಮ್ಮೆ. ಮನೆಯೊಳಗೇ ನಲ್ಲಿ ಇರುವುದನ್ನು ಆಕೆ ಕಂಡದ್ದು ಈ ಕ್ವಾರ್ಟರ್ಸಿನಲ್ಲೇ ಮೊದಲು. ಸುಮ್ಮನೆ ಹರಿದುಹೋಗುವ ನೀರನ್ನು ಆಕೆ ಮೊದಲು ಬಿಂದಿಗೆಗೆ ಹಿಡಿದಳು. ಆಮೇಲೆ ಬಕೆಟ್ಟು, ಅನ್ನದ ಪಾತ್ರೆ, ಚೊಂಬು, ಲೋಟ. ಹಿಡಿಯಲು ಮನೆಯಲ್ಲಿ ಒಂದು ಮುಚ್ಚಳವೂ ಉಳಿಯದಾದಾಗ, ಗುರುವಾರ ಸಂಜೆ, ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಒಸರದಿರಲೆಂದು ಬಟ್ಟೆಯನ್ನೂ ಕಟ್ಟಿದಳು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಲಾರಿಯೊಂದು ಬಂತು. ಬಾಗಿಲು ತೆರೆದರು. ಹೊರಗಿನ ಬೆಚ್ಚನೆಯ ಗಾಳಿ ತಾಗಿ ಪೈಪಿನೊಳಗಿನ ಮಂಜುಗಡ್ಡೆ ಕರಗಿದ ಮೇಲೆ ಗೊತ್ತಾಯಿತು, ಪೈಪು ಗೇಣುದ್ದ ಸೀಳಿತ್ತು. ನೀರು ನೇರವಾಗಿ ಆಂಟಿರೂಮಿನ ಗೋಡೆಯಲ್ಲಿದ್ದ ಎಲೆಕ್ಟ್ರಿಕ್ ಪ್ಯಾನಲ್ಲಿಗೆ ಚಿಮ್ಮಿತು. ಪ್ಯಾನಲ್ ಸುಟ್ಟಿತು, ಕೋಣೆಯನ್ನು ತಂಪಾಗಿಡುವ ಮೆಷಿನ್ ನಿಂತಿತು. ಎರಡು ದಿನ ರಿಪೇರಿಯಾಗಲಿಲ್ಲ. ಒಳಗಿದ್ದ ಮಾಲೆಲ್ಲ ಕರಗಿ ಹುಳಿನಾತ ಬಂತು.

ಪ್ಯಾನಲ್ ಸುಟ್ಟ ದಿನವೇ ಮ್ಯಾನೇಜರ್ ಕ್ವಾರ್ಟರ್ಸಿನೊಳಗೆ ಹೋಗಿ ಬಟ್ಟೆ ಕಟ್ಟಿದ ನಲ್ಲಿ ನೋಡಿದರು.

"ಎವರು ಕಟ್ಟೇಸಿಂದಿ?" ಯಾರು ಕಟ್ಟಿದ್ದು ಎಂದು ತೆಲುಗಿನಲ್ಲಿ ಕೇಳಿದರು.

"ನಾನೇ ಸಾರ್," ಎಂದಳು ತಿಮ್ಮಕ್ಕ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. "ನೀರು ದಂಡ ಆಗ್ತಿತ್ತು. ಪುಣ್ಯಾತ್ಮರು ಯಾರೋ ತಿರುಗ್ಸೋದು ಮರ್ತವ್ರೆ ಅಂತ ಕಟ್ಟಿಬುಟ್ಟೆ."

ನಾನು ಪಕ್ಕದಲ್ಲೇ ಇದ್ದೆ. ಆಗ ಬಾಯಿ ಬಿಡಬಹುದಿತ್ತು. ಅಂದು ಮಧ್ಯಾಹ್ನ ನಾನು ಬರೆದ ರಿಪೋರ್ಟಿನಲ್ಲಿ ಕಾರಣದ ಕಾಲಮ್ಮಿಗೆ ಒಂದೇ ಸಾಲು: ಸೂಚನೆ ಮೀರಿ ನಲ್ಲಿ ಮುಚ್ಚಿದವರು ಕ್ವಾರ್ಟರ್ಸಿನ ನಿವಾಸಿ. ಭಾನುವಾರ ಓಬಳೇಶನ ಕೆಲಸ ಹೋಯಿತು, ಮನೆಯೂ ಹೋಯಿತು. ತಿಮ್ಮಕ್ಕ ಹೊರಡುವ ಮುಂಚೆ ತುಂಬಿಟ್ಟ ಪಾತ್ರೆಗಳ ನೀರನ್ನು ಗೇಟಿನ ಬೇವಿನ ಗಿಡಕ್ಕೆ ಒಂದೊಂದಾಗಿ ಸುರಿದಳು. ಬಹಳ ಹೊತ್ತು ಹಿಡಿಯಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಆ ಸದ್ದು ಇವತ್ತಿಗೂ ನನ್ನ ಕಿವಿಯಿಂದ ಹೋಗಿಲ್ಲ.

ನಿವೃತ್ತಿಯಾದ ಮೇಲೆ ಅವರನ್ನು ಹುಡುಕಿಕೊಂಡು ಕಲ್ಯಾಣದುರ್ಗಕ್ಕೆ ಹೋದೆ. ಓಬಳೇಶ ಬೆಳುಗುಪ್ಪ ರಸ್ತೆಯ ಪಕ್ಕದ ಮನೆಯ ಜಗಲಿಯಲ್ಲಿ ಕೂತು ಬೋರ್ ಮೋಟರಿಗೆ ತಂತಿ ಸುತ್ತುತ್ತಿದ್ದ. ತಪ್ಪು ನನ್ನದೆಂದು ಹೇಳಲು ಮೂರು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ತಿಮ್ಮಕ್ಕ ಪೂರ್ತಿ ಕೇಳಿಸಿಕೊಳ್ಳಲಿಲ್ಲ.

"ಅದೆಲ್ಲ ಆಗಿದ್ದಾಯ್ತು ಬುಡಿ ಸಾರ್. ನಮ್ಮತ್ತೆಗೆ ಒಂದ್ ಮಾತು ಏಳಿ. ನೀರು ಗಟ್ಟಿಯಾಗಿ ಪೈಪು ಒಡೀತು ಅಂತ. ನಾನೇ ಏನೋ ಒಡೆದು ಸುಳ್ಳು ಏಳ್ತೀನಿ ಅಂತಾ ಅವ್ರೆ, ಅವತ್ತಿಂದ."

ಹೇಳಿದೆ. ಬಿಡಿಸಿ, ಎರಡು ಸಲ ಹೇಳಿದೆ. ಮುದುಕಿ ಎಲೆಯಡಿಕೆ ಉಗಿದು ನಕ್ಕಳು.

"ನೀರು ಕಲ್ಲಾಗಿ ಕಬ್ಬಿಣ ಸೀಳ್ತಾ? ಈ ಸೀಮೇಲಿ? ನೀನು ದೊಡ್ಡೋನು ಕಣಪ್ಪ, ಕನಿಕರಕ್ಕೆ ಏಳ್ತೀಯ. ಇವಳ ಕೈಗುಣಕ್ಕೇ ನನ್ ಮಗನ್ ಕೆಲ್ಸ ಹೋಯ್ತು."

ನಾನು ಓಬಳೇಶನ ಕಡೆ ನೋಡಿದೆ. ಆ ಮಂಜನ್ನು ಕೈಯಿಂದ ಮುಟ್ಟಿದವನು ಅವನು. ಸೂಚನೆ ಓದಿ ಸಹಿ ಹಾಕಿದವನೂ ಅವನೇ. ಹೌದು ಎಂದರೆ, ಹೆಂಡತಿಗೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅವನು ತಲೆ ಎತ್ತದೆ ತಂತಿ ಸುತ್ತುತ್ತಲೇ ಇದ್ದ.

ಸೂಚನೆಯನ್ನು ಗೋಡೆಗೆ ಹಚ್ಚಿದ ಮಾತ್ರಕ್ಕೆ ಅದು ತಲುಪುವುದಿಲ್ಲ. ನಲ್ಲಿ ಯಾರ ಕೈಯಲ್ಲಿದೆಯೋ ಅವರಿಗೆ, ಅವರ ಮಾತಿನಲ್ಲಿ, ಕಾರಣ ಸಮೇತ ಹೇಳಬೇಕು. ಇಷ್ಟನ್ನು ಕಲಿಯಲು ನನಗೆ ಇಡೀ ನೌಕರಿ ಬೇಕಾಯಿತು. ಅಲ್ಲೇ ಕೂತು, ಓಣಿಯವರು ಓದಲೆಂದು ತೆಲುಗಿನಲ್ಲಿ, ರಿಪೋರ್ಟನ್ನು ತಿದ್ದಿ ಬರೆದೆ: ಮುಚ್ಚಬಾರದೆಂದು ತಿಮ್ಮಕ್ಕನಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿದ್ದವನು ನಾನು. ತಾರೀಖು ಹಾಕಿ ಸಹಿ ಮಾಡಿ ಕೊಟ್ಟೆ.

ಆಕೆ ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿದಳು.

"ಈಗ ಇದನ್ನ ಯಾರಿಗ್ ತೋರಿಸ್ಲಿ ಸಾರ್?"