ಆರಾಮಕ್ಕೂ ಹಗೂರಕ್ಕೂ ನಡುವೆ ಒಂದು ಹಾರ್ಪ್

ಕೊಪ್ಪಳಕ್ಕೆ ಬಂದ ಮೊದಲ ದಿನವೇ ನಾನು ರೋಗಿಯಾದೆ.

ಮಂಗಳೂರಿನಿಂದ ನಮ್ಮ ಸಾಮಾನು ಹೊತ್ತು ತಂದ ಲಾರಿ ಆಗಷ್ಟೇ ಹೋಗಿತ್ತು. ಬಾಡಿಗೆ ಮನೆಯ ಕಟ್ಟೆಯ ಮೇಲೆ ಟವೆಲ್ ಹಿಡಿದು ಕೂತಿದ್ದೆ. ಬೆವರು ಒರೆಸಿಕೊಳ್ಳೋಣವೆಂದರೆ ಟವೆಲ್ ಎತ್ತುವ ಮೊದಲೇ ಅದು ಆರಿಹೋಗುತ್ತಿತ್ತು. ಹುಟ್ಟಿದಾಗಿನಿಂದ ಒದ್ದೆ ಅಂಗಿಯಲ್ಲೇ ಬದುಕಿದವನಿಗೆ ಇದು ಮೈಯಲ್ಲೇನೋ ಕೆಟ್ಟಿರುವ ಲಕ್ಷಣದಂತೆ ಕಂಡಿತು. ಪಕ್ಕದಲ್ಲಿ ಬೆಡ್‌ಶೀಟ್ ಸುತ್ತಿಕೊಂಡು ನನ್ನ ಹಾರ್ಪ್ ನಿಂತಿತ್ತು. ಎದುರು ಮನೆಯ ಈರಮ್ಮ ಅದನ್ನೂ ನನ್ನನ್ನೂ ಒಂದೇ ಕನಿಕರದಿಂದ ನೋಡಿ ಹತ್ತಿರ ಬಂದರು.

"ಮಗ್ಗ ತಂದೀರೇನ್ರಿ?"

ಪಕ್ಕದ ಭಾಗ್ಯನಗರದಲ್ಲಿ ನೇಯುವವರು ಬಹಳ. ಅವರ ತಪ್ಪಲ್ಲ. ಇದು ಮಗ್ಗವಲ್ಲ, ನುಡಿಸುವ ವಾದ್ಯ ಎಂದೆ. ಅವರು ನಂಬದೆ ತಲೆ ಆಡಿಸಿ, "ನಿಮಗ ಆರಾಮ ಐತಿಲ್ರಿ?" ಎಂದು ಕೇಳಿದರು. ನಮ್ಮ ಕಡೆ ಆರಾಮ ಎಂದರೆ ಬಿಡುವು, ಕಾಲು ಚಾಚಿ ಕೂರುವುದು. ಕಟ್ಟಿದ ಗಂಟುಗಳನ್ನೆಲ್ಲ ನೆನೆದು, "ಎಲ್ಲಿಯ ಆರಾಮ? ಇನ್ನೊಂದು ತಿಂಗಳು ನನಗೆ ಆರಾಮ ಇಲ್ಲ" ಎಂದುಬಿಟ್ಟೆ.

ಈರಮ್ಮ ಸರಸರನೆ ಒಳಗೆ ಹೋಗಿ ಅಜವಾನದ ಕಷಾಯ ತಂದು ಕುಡಿಸಿದರು. ಸಂಜೆಯೊಳಗೆ ಓಣಿಯ ಹೆಂಗಸರೆಲ್ಲ ಬಂದು ಬಾಗಿಲಲ್ಲಿ ಇಣುಕಿದರು. "ಮಾಸ್ತರಗ ಬಂದ ದಿನಾನ ಆರಾಮ ತಪ್ಪೇತಂತ. ತಿಂಗಳತನಾ ಮಲಗೂದು ಐತಂತ." ನನ್ನ ಹೆಂಡತಿ ಲೀನಾ ಕೆಲಸದ ಜಾಗ ನೋಡಿಕೊಂಡು ವಾಪಸು ಬಂದಾಗ ಅವಳಿಗೆ ಓಣಿಯ ಬಾಯಲ್ಲೇ ಗಂಡನ ಕಾಯಿಲೆಯ ಸುದ್ದಿ ಸಿಕ್ಕಿತು.

ಇಲ್ಲಿ ಆರಾಮ ಎಂದರೆ ಆರೋಗ್ಯ. ಆರಾಮ ತಪ್ಪಿತು ಎಂದರೆ ಕಾಯಿಲೆ ಬಿತ್ತು, ಆರಾಮ ಆಯಿತು ಎಂದರೆ ಗುಣವಾಯಿತು. ಆ ದಿನ ನಕ್ಕು ಬಿಟ್ಟೆವು. ಚಿಂತೆ ಮಾಡುವುದೇ ನನ್ನ ಮುಖ್ಯ ಕಸುಬು. ಆದರೆ ಚಿಂತೆ ಮಾಡಬೇಕಾದ ವಿಷಯವನ್ನು ಬಿಟ್ಟು ಉಳಿದದ್ದಕ್ಕೆಲ್ಲ ಮಾಡುವುದು ನನ್ನ ಅಭ್ಯಾಸ.

ಲೀನಾ ಕೈಕಾಲು ಸೋತವರಿಗೆ ವ್ಯಾಯಾಮ ಮಾಡಿಸುವ ಫಿಜಿಯೋಥೆರಪಿಸ್ಟ್. ಕೊಪ್ಪಳದ ಒಂದು ದವಾಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅವಳ ಹಿಂದೆ ನಾನು ಬಂದೆ. ಮಂಗಳೂರಿನ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದೆ. ಹಾರ್ಪನ್ನು ನನಗೆ ಕಲಿಸಿದವರು, ಕೊನೆಗೆ ಕೊಟ್ಟು ಹೋದವರು, ಹೊರದೇಶದಿಂದ ಬಂದಿದ್ದ ಕಾನ್ವೆಂಟಿನ ಒಬ್ಬ ಮುದುಕಿ ಸಿಸ್ಟರ್. ಎದೆಯೆತ್ತರದ ಮರದ ಚೌಕಟ್ಟು, ಮೇಲಿನಿಂದ ಕೆಳಕ್ಕೆ ಬಿಗಿದ ತಂತಿಗಳು. ಎರಡೂ ಕೈಯ ಬೆರಳುಗಳಿಂದ ಮೀಟಬೇಕು. ದಾರಿ ತಪ್ಪದಂತೆ ಷಡ್ಜದ ತಂತಿಗಳಿಗೆ ಕೆಂಪು ಬಣ್ಣ, ಮಧ್ಯಮಕ್ಕೆ ಕಪ್ಪು, ಉಳಿದದ್ದು ಬಿಳಿ. ಈ ವಾದ್ಯಕ್ಕೆ ನಮ್ಮ ಕಡೆ ಬರೆದಿಟ್ಟ ಸಂಗೀತ ಸಿಗುವುದಿಲ್ಲವಾದ್ದರಿಂದ ನಾನೇ ಸಣ್ಣಸಣ್ಣ ತುಣುಕು ಕಟ್ಟುತ್ತೇನೆ. ಕೆಲವು ಸುಮ್ಮನೆ ನುಡಿಸಲು. ಕೆಲವು ಕಲಿಸಲು, ಐದೇ ಸ್ವರದವು, ತಪ್ಪು ತಂತಿ ಮುಟ್ಟಿದರೂ ಕಿವಿಗೆ ನೋವಾಗದಂಥವು. ಇನ್ನು ಕೆಲವು ರೋಗಿಗಳ ಪಕ್ಕದಲ್ಲಿ ಕೂತು ನುಡಿಸಲು. ಇವಕ್ಕೆ ಗಟ್ಟಿಯಾದ ಆರಂಭವೂ ಇಲ್ಲ, ಚಪ್ಪಾಳೆ ಬೇಡುವ ಮುಕ್ತಾಯವೂ ಇಲ್ಲ. ಕೇಳುವವರು ನಡುವೆ ನಿದ್ದೆ ಹೋದರೆ ನಾನು ಗೆದ್ದಂತೆ. ಶಾಲೆಯಲ್ಲೂ ಮಕ್ಕಳು ನಿದ್ದೆ ಹೋಗುತ್ತಿದ್ದರು, ಅಲ್ಲಿ ಮಾತ್ರ ಅದನ್ನು ಗೆಲುವೆಂದು ಯಾರೂ ಲೆಕ್ಕ ಹಾಕಲಿಲ್ಲ.

ಮನೆ ಸಿಕ್ಕಿದ್ದು ಸುಲಭ. ಮಾಲೀಕರು ಮೀನು ತಿನ್ನುತ್ತೀರಾ ಎಂದು ಕೇಳಿಯಾರು ಎಂದು ಹೆದರಿ ಉತ್ತರ ಕಟ್ಟಿಕೊಂಡು ಹೋಗಿದ್ದೆ. ಅವರು ಹಾರ್ಪಿನ ವಿಷಯ ಕೇಳಿ, "ಭಾಳ ಸಪ್ಪಳ ಆಗೂದಿಲ್ಲಲ?" ಎಂದಷ್ಟೇ ವಿಚಾರಿಸಿದರು. ಮೀನು ಮಾತ್ರ ತುಂಗಭದ್ರೆಯದು, ಹೊಳೆಮೀನು. ಉಪ್ಪುನೀರು ಕಾಣದ ಮೀನಿಗೆ ನನ್ನ ನಾಲಿಗೆ ಒಗ್ಗಲು ಬಹಳ ಕಾಲ ಹಿಡಿಯಿತು. ಅಂಗಡಿಯಲ್ಲಿ ಕಾರಟಗಿಯ ಅಕ್ಕಿ, ಬೆಳ್ಳಗೆ ತೆಳ್ಳಗೆ, ಚಂದದ್ದು. ನಮ್ಮ ಕೆಂಪು ಕುಚ್ಚಲಕ್ಕಿಯ ವರ್ಣನೆ ಮಾಡಿ ಕೇಳಿದರೆ ಅಂಗಡಿಯವರು, "ಅದು ಆರಾಮ ಇಲ್ಲದವ್ರಿಗೆ ಗಂಜಿ ಕಾಸೂ ಅಕ್ಕಿ ಅಲ್ರಿ? ಮನ್ಯಾಗ ಯಾರಿಗೇನಾಗೇತಿ?" ಎಂದರು. ನಮ್ಮ ನಿತ್ಯದ ಊಟ ಇಲ್ಲಿ ಪಥ್ಯ.

ಹಾರ್ಪಿಗೂ ಊರು ಹಿಡಿಸಲಿಲ್ಲ. ಮಂಗಳೂರಿನ ತೇವಕ್ಕೆ ಮರ ಉಬ್ಬಿ ತಂತಿ ಕಡಿಯುತ್ತಿತ್ತು. ಇಲ್ಲಿ ಮರ ಒಣಗಿ, ತಂತಿ ಬಿಗಿಯುವ ಮೊಳೆಗಳು ಸಡಿಲಾಗಿ, ಬೆಳಿಗ್ಗೆ ಕೂಡಿಸಿದ ಶ್ರುತಿ ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಬಂಡೆಗುಡ್ಡಗಳ ಕಾವೆಲ್ಲ ಕೋಣೆಗೇ ಬಂದಂತೆ. ಹಾರ್ಪಿನ ಬುಡದಲ್ಲಿ ಒದ್ದೆ ಬಟ್ಟೆ ಇಟ್ಟು ಕಾಯತೊಡಗಿದೆ. ಈರಮ್ಮ ಅದನ್ನು ನೋಡಿ, "ಅದಕ್ಕೂ ಜ್ವರ ಬಂದಾವೇನ್ರಿ?" ಎಂದರು.

ದವಾಖಾನೆಯ ವ್ಯಾಯಾಮದ ಕೋಣೆಯಲ್ಲಿ ವಾರಕ್ಕೆರಡು ಸಲ ನುಡಿಸಲು ಲೀನಾ ಒಪ್ಪಿಗೆ ಕೊಡಿಸಿದಳು. ಅಲ್ಲಿಯೇ ನನಗೆ ಹುಸೇನಸಾಬರ ಪರಿಚಯವಾದದ್ದು. ಕುಷ್ಟಗಿಯಲ್ಲಿ ಟೇಲರ್. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಕಾಲಿಗೆ ಅಷ್ಟೇನೂ ಆಗಿರಲಿಲ್ಲ. ಹೆಂಡತಿ ಮಾಬೂಬಿ ಅವರನ್ನು ಬಸ್ಸಿನಲ್ಲಿ ಕರೆತರುತ್ತಿದ್ದರು. ಕತ್ತರಿ ಹಿಡಿಯುವ ಕೈ ಅದು. ಅದು ಏಳದಿದ್ದರೆ ಅಂಗಡಿ ಏಳುವುದಿಲ್ಲ.

ಭುಜ ಎತ್ತಿಸುವಾಗ ಅವರು ನೋವಿಗೆ ಕೂಗುತ್ತಿದ್ದರು. ವ್ಯಾಯಾಮ ಮುಗಿದ ಮೇಲೆ ನನ್ನ ಪಕ್ಕ ತಂದು ಕೂರಿಸಿದರೆ ಮುಖ ಸಡಿಲಾಗುತ್ತಿತ್ತು. ಒಂದು ದಿನ ಎಡಗೈಯಿಂದ ಕೆಂಪು ತಂತಿ ತೋರಿಸಿ, "ಯಾಕ?" ಎಂದರು. ಬಿಳಿ ದಾರದ ನಡುವೆ ಕೆಂಪು ದಾರ ಹಾಕಿದ್ದು ಯಾಕೆಂದು ಟೇಲರ್ ಕೇಳಿಯೇ ಕೇಳುತ್ತಾರೆ. ನಾನು ಉಬ್ಬಿಹೋದೆ. ತುಣುಕುಗಳನ್ನು ಮಾಬೂಬಿಯ ಮೊಬೈಲಿಗೆ ರೆಕಾರ್ಡ್ ಮಾಡಿಕೊಟ್ಟು, ವೈದ್ಯರ ಗತ್ತಿನಲ್ಲಿ ಹೇಳಿದೆ:

"ಮನೆಯಲ್ಲಿ ಕೇಳಿಸಿ ಅಕ್ಕಾ. ಆರಾಮ ಆಗ್ತದೆ."

ನನ್ನ ಮಟ್ಟಿಗೆ ನಾನು ಹೇಳಿದ್ದು ಕಾಲು ಚಾಚಿ ಕೂರುವ ಆರಾಮ.

ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನನ್ನ ಬಾಗಿಲಿಗೆ ಬೇರೆಯವರು ಬರತೊಡಗಿದರು. ಒಬ್ಬರು ಸಕ್ಕರೆ ಕಾಯಿಲೆಗೆ ಯಾವ ಹಾಡು ಎಂದು ಕೇಳಿದರು. ಯಲಬುರ್ಗಾ ಕಡೆಯಿಂದ ಬಂದವರೊಬ್ಬರು ಬಹಳ ಹೊತ್ತು ಸಂಕೋಚಪಟ್ಟುಕೊಂಡು, "ನಮ್ಮ ಎಮ್ಮಿ ಹಾಲು ಕೊಡವಲ್ದ್ರಿ, ಅದಕ್ಕೊಂದು ಹಚ್ಚಿ ಕೊಡ್ರಿ" ಎಂದರು. ನಾನು ನಗುತ್ತ ಇದನ್ನೆಲ್ಲ ಲೀನಾಳಿಗೆ ವರದಿ ಮಾಡಿದೆ. ಅವಳು ನಗಲಿಲ್ಲ.

"ಹುಸೇನಸಾಬರ ಮನೆಗೆ ಫೋನ್ ಮಾಡಿದ್ದೆ. ಮಾಸ್ತರರ ಬಾಜಾದಿಂದಲೇ ಆರಾಮ ಆಗುತ್ತದಂತೆ, ಇನ್ನು ಬರುವುದಿಲ್ಲವಂತೆ. ಇನ್ನು ಕೆಲವು ವಾರ ಹೀಗೇ ಬಿಟ್ಟರೆ ಭುಜ ಗಟ್ಟಿಯಾಗುತ್ತದೆ. ಆಮೇಲೆ ನಾನು ಏನು ಮಾಡಿದರೂ ಆ ಕೈ ಮೇಲೆ ಬರುವುದು ಕಷ್ಟ. ಎಂತ ಹೇಳಿದ್ದೀರಿ ನೀವು ಅವರಿಗೆ?"

ಇದನ್ನು ಅವಳು ಹೇಳಿದ್ದು ನಮ್ಮ ಮನೆಮಾತು ಕೊಂಕಣಿಯಲ್ಲಿ. ಕನ್ನಡದಲ್ಲಿ ಇಷ್ಟು ಚೂಪಾಗಿ ಕೇಳಿಸುವುದಿಲ್ಲ.

ಮಾರನೆಯ ಬೆಳಿಗ್ಗೆ ಕುಷ್ಟಗಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ತಿದ್ದಿ ತಿದ್ದಿ ಇಟ್ಟುಕೊಂಡೆ. ಅವರ ಮನೆಯಲ್ಲಿ ಮಂಚದ ತಲೆದಿಂಬಿನ ಪಕ್ಕ ಮೊಬೈಲ್ ಇತ್ತು. ಅದರೊಳಗಿಂದ ನಾನೇ ನುಡಿಯುತ್ತಿದ್ದೆ. ಗೋಡೆಗೆ ಒತ್ತಿ ನಿಲ್ಲಿಸಿದ ಹೊಲಿಗೆ ಮಷಿನ್ನಿಗೆ ಚಾದರ ಹೊದಿಸಿದ್ದರು.

"ಬರ್ರಿ ಮಾಸ್ತರ, ಕುಂದರ್ರಿ. ಒಂದಿನಾನೂ ತಪ್ಪಿಸಿಲ್ರಿ, ಮುಂಜಾನಿ ಸಂಜಿ ಹಚ್ತೀನಿ" ಎಂದರು ಮಾಬೂಬಿ. "ಊಟಕ್ಕಿಂತ ಮೊದಲು ಹಚ್ಚಬೇಕೋ, ಊಟ ಆದಮ್ಯಾಲೋ, ಅದೊಂದು ನೀವು ಹೇಳಲಿಲ್ಲ ನೋಡ್ರಿ."

ತಿದ್ದಿಟ್ಟುಕೊಂಡ ವಾಕ್ಯವನ್ನು ಹೇಳಿಬಿಟ್ಟೆ. "ಅಕ್ಕಾ, ಇದರಿಂದ ಆರಾಮ ಆಗುವುದಿಲ್ಲ."

ಅವರ ಕೈ ಸೆರಗಿನ ತುದಿಯಲ್ಲೇ ನಿಂತಿತು. ಮಂಚದ ಮೇಲೆ ಹುಸೇನಸಾಬರು ಕಣ್ಣು ಮುಚ್ಚಿದರು.

"ಹಂಗನಬ್ಯಾಡ್ರಿ ಮಾಸ್ತರ. ಮಂದಿ ಅಂದ್ರ ಅನ್ಲಿ. ನೀವು ಅನಬ್ಯಾಡ್ರಿ."

ಆಗ ಹೊಳೆಯಿತು, ನಾನು ಹೇಳಿದ್ದು ಈ ಮನುಷ್ಯ ಇನ್ನು ಗುಣವಾಗುವುದಿಲ್ಲ ಎಂದು. ಆರಾಮ ಆಗುತ್ತದೆ ಎಂದರೆ ಸುಳ್ಳು, ಆಗುವುದಿಲ್ಲ ಎಂದರೆ ಶಾಪ. ನನಗೆ ಬೇಕಾದ ಮಾತು ನನ್ನ ಕನ್ನಡದಲ್ಲಿತ್ತು, ಆ ಕೋಣೆಯ ಕನ್ನಡದಲ್ಲಿ ಇರಲಿಲ್ಲ. ಕೈ ಆರಾಮ ಆಗಬೇಕಾದರೆ ವ್ಯಾಯಾಮ ಬೇಕು, ಇದು ಔಷಧವಲ್ಲ, ಮನಸ್ಸಿಗೆ ಸುಮ್ಮನೆ ಒಂದು... ಎಂದು ತಡವರಿಸಿದೆ.

"ಔಷಧ ಅಲ್ಲೇನು?"

"ಅಲ್ಲ."

"ಮತ್ಯಾಕ ಕೊಟ್ರಿ?"

ಇಷ್ಟು ವರ್ಷ ತುಣುಕು ಕಟ್ಟಿದವನಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಉತ್ತರ ಬಂದದ್ದು ಮಂಚದಿಂದ. ಹುಸೇನಸಾಬರು ತುಟಿ ಹೊಂದಿಸಿಕೊಂಡು, "ಹ... ಹಗೂರ" ಎಂದರು.

"ಕೇಳಿದ್ರ ಹಗೂರ ಆಗ್ತೈತಂತ ಅಂತಾರ" ಎಂದು ಮಾಬೂಬಿ ಬಿಡಿಸಿ ಹೇಳಿದರು. ಆಮೇಲೆ ನನ್ನ ಕಡೆ ನೋಡದೆ, "ಖರೇ ಹೇಳ್ಲೇನ್ರಿ? ದವಾಖಾನ್ಯಾಗ ಲೀನಕ್ಕಾರು ಕೈ ಎತ್ತಿದ್ರ ಇವ್ರು ಒದರ್ತಾರ. ಆ ದನಿ ನನಗ ಕೇಳಾಕ ಆಗೂದಿಲ್ಲ. ನಿಮ್ಮದು ಹಚ್ಚಿದ್ರ ಸುಮ್ಮ ಮಲಗ್ತಾರ. ಅದಕ್ಕ ಇಲ್ಲೇ ಇದ್ಬಿಟ್ವಿ" ಎಂದರು.

ಹಗೂರ ಎಂದರೆ ಹಗುರ. ಆದರೆ ಇಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಉಂಟು: ನಿಧಾನ. ಬಸ್ಸು ಇಳಿಯುವ ಮುದುಕಿಗೆ ಕಂಡಕ್ಟರ್ ಹಗೂರ ಇಳೀರಿ ಎನ್ನುತ್ತಾನೆ. ಭಾರ ಕಡಿಮೆಯಾಗುವುದೂ ಮೆಲ್ಲಗೆ ಸಾಗುವುದೂ ಒಂದೇ ಪದದಲ್ಲಿ. ನಾನು ಹುಡುಕುತ್ತಿದ್ದದ್ದು ಅದನ್ನೇ.

"ಹಾಗಾದರೆ ಹೀಗೆ ಮಾಡುವ" ಎಂದೆ. "ದವಾಖಾನೆಗೆ ಬನ್ನಿ. ಕೈ ಎತ್ತುವಾಗಲೇ ನುಡಿಸುತ್ತೇನೆ. ಆರಾಮ ಮಾಡುವುದು ಲೀನಾಳ ಕೆಲಸ. ನನ್ನದು ಹಗೂರ."

ಮಾಬೂಬಿ ಗಂಡನ ಮುಖ ನೋಡಿದರು. "ಒದರಿದ್ರ?"

"ಒದರಿದರೆ ಅಲ್ಲೇ ನಿಲ್ಲಿಸುತ್ತೇನೆ. ಅವರು ಉಸಿರು ತೆಗೆದುಕೊಂಡ ಮೇಲೆ ಮುಂದಕ್ಕೆ."

"ಅಕ್ಕಾರು ನಿಮ್ಮ ಮಾತು ಕೇಳ್ತಾರೇನ್ರಿ ಮತ್ತ?" ಎಂದರು. ನಮ್ಮ ಸಂಸಾರ ಅವರಿಗೆ ಆಗಲೇ ಅರ್ಥವಾಗಿತ್ತು.

ಲೀನಾ ಕೇಳಿದಳು, ಒಂದು ಷರತ್ತಿನ ಮೇಲೆ: ಕೈ ಎಷ್ಟು ಎತ್ತಬೇಕೆಂದು ನಾನು ಹೇಳಬಾರದು. ಹೊಸ ತುಣುಕು ಕಟ್ಟಿದೆ. ಕೈ ಎತ್ತುವಾಗ ಸ್ವರ ಒಂದೊಂದಾಗಿ ಏರುತ್ತದೆ, ನೋವು ಬಂದಲ್ಲಿ ಕಾಯುತ್ತದೆ, ಇಳಿಸುವಾಗ ಇಳಿಯುತ್ತದೆ. ಮೊದಲು ಅದು ಸರಿಯಾಗಲಿಲ್ಲ. ನಾನು ಚರ್ಚಿನ ನಡಿಗೆಯಲ್ಲಿ ನುಡಿಸುತ್ತಿದ್ದೆ, ಹುಸೇನಸಾಬರ ಕಾಲು ಕೆಳಗೆ ಬೇರೆಯೇ ತಾಳ ಹಾಕುತ್ತಿತ್ತು, ಮಷಿನ್ ತುಳಿಯುವ ತಾಳ. ಅವರ ಕಾಲಿನ ಹಿಂದೆ ನಾನು ಹೋದೆ. ಕೂಗುವುದು ನಿಂತಿತು ಎಂದು ಬರೆದರೆ ಲೀನಾ ಸಿಟ್ಟಾಗುತ್ತಾಳೆ. ಕೂಗು ಕಡಿಮೆಯಾಯಿತು. ಬರುವುದು ಮಾತ್ರ ತಪ್ಪಲಿಲ್ಲ, ಲೀನಾಳಿಗೆ ಬೇಕಾದದ್ದೂ ಅದೇ.

ಭುಜ ಉಳಿಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಕೈ ಬಟ್ಟೆ ಒಣಹಾಕುವ ಹಗ್ಗದ ತನಕ ಏರಿತು. ಬೆರಳು ಕತ್ತರಿಯನ್ನು ಮತ್ತೆ ಹಿಡಿಯಲಿಲ್ಲ, ಹಿಡಿಯುವುದು ಅನುಮಾನ. ಈಗ ಮಾಬೂಬಿ ಬಟ್ಟೆ ಕತ್ತರಿಸುತ್ತಾರೆ, ಹುಸೇನಸಾಬರು ಮಷಿನ್ ತುಳಿಯುತ್ತಾರೆ, ಎಡಗೈ ಬಟ್ಟೆ ಸರಿಸುತ್ತದೆ, ಬಲಗೈ ಬಟ್ಟೆಯ ಮೇಲೆ ಭಾರ ಇಟ್ಟಂತೆ ಒತ್ತಿ ಕೂರುತ್ತದೆ. "ಸೀದಾ ಕತ್ತರ್ಸಾಕ ಬರೂದಿಲ್ಲ ಇಕಿಗೆ" ಎಂದು ಅವರು ತೊದಲಿದರೆ, "ನಿಮಗ ಸೀದಾ ಬೈಯಾಕರ ಬರ್ತೈತೇನು?" ಎಂದು ಮಾಬೂಬಿ ನಗುತ್ತಾರೆ. ಹೆಂಗಸರ ಜಂಪರ್‌ಗಳಿಗಿಂತ ದಿಂಬಿನ ಚೀಲಗಳೇ ಹೆಚ್ಚು. ಅಂಗಡಿ ಎದ್ದಿದೆ ಎನ್ನುವಂತಿಲ್ಲ, ಎದ್ದು ಕೂತಿದೆ.

ಬೆರಳಿಗೆ ಅಭ್ಯಾಸವೆಂದು ಲೀನಾ ಹುಸೇನಸಾಬರನ್ನು ಹಾರ್ಪಿನ ಮುಂದೆ ಕೂರಿಸಿದಳು. ಹಾಗೆ ಕೊಪ್ಪಳದಲ್ಲಿ ನನಗೆ ಮೊದಲ ಶಿಷ್ಯ ಸಿಕ್ಕಿದ. ಅವರಿಗೆ ಒಂದೇ ತಂತಿ, ಕೆಂಪು. ಉಳಿದದ್ದೆಲ್ಲ ನಾನು ನುಡಿಸಿಕೊಂಡು ಹೋಗಿ ಒಂದು ಕಡೆ ನಿಲ್ಲುತ್ತೇನೆ. ಅವರ ತೋರುಬೆರಳು ಹೊರಟು, ನಡುಗಿ, ತಂತಿಯನ್ನು ಹುಡುಕಿ ಮೀಟುವವರೆಗೆ ಸಂಗೀತ ಕಾಯುತ್ತದೆ. ಕೆಲವೊಮ್ಮೆ ಕೂಡಲೇ, ಕೆಲವೊಮ್ಮೆ ಹೊರಗೆ ಹೊಸಪೇಟೆಯ ಬಸ್ಸು ಬಂದು ಹೋಗುವಷ್ಟು ಹೊತ್ತು. ಅದಕ್ಕೆ ಹಗೂರ ಎಂದೇ ಹೆಸರಿಟ್ಟಿದ್ದೇನೆ.

ಕಳೆದ ಕ್ರಿಸ್‌ಮಸ್‌ಗೆ ಹಾರ್ಪ್ ಸಮೇತ ಮಂಗಳೂರಿಗೆ ಹೋಗಿದ್ದೆ. ಈರಮ್ಮ "ಊರಿಂದ ಯಾವಾಗ ಬರ್ತೀರಿ?" ಎಂದು ಕಳಿಸಿಕೊಟ್ಟರು, ಅಲ್ಲಿ ನನ್ನ ಅಕ್ಕ ಬಾಗಿಲು ತೆರೆದವಳೇ "ಊರಿಗೆ ಯಾವಾಗ ವಾಪಸು?" ಎಂದಳು. ನೆಂಟರ ಮಗುವಿಗೆ ಜ್ವರ ಎಂದು ಕೇಳಿ, "ಯಾವಾಗಿನಿಂದ ಆರಾಮ ಇಲ್ಲ?" ಎಂದೆ. "ಇವನ ಮಾತು ಕೇಳಿ, ಘಟ್ಟದ ಮೇಲಿನವನೇ ಆಗಿದ್ದಾನೆ" ಎಂದು ಎಲ್ಲರೂ ನಕ್ಕರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒದ್ದೆ ಅಂಗಿ, ಎಲ್ಲ ಇತ್ತು. ಇವಕ್ಕಾಗಿ ಕೊಪ್ಪಳದಲ್ಲಿ ಎಷ್ಟು ಹಂಬಲಿಸಿದ್ದೆ ಎಂದರೆ, ಉಣ್ಣುತ್ತ ಕೂತಾಗಲೂ ಹಂಬಲ ನಿಲ್ಲಲಿಲ್ಲ, ಅಭ್ಯಾಸ ಬಲ.

ಊಟವಾದ ಮೇಲೆ ನುಡಿಸೆಂದರು. ತೇವ ಕುಡಿದ ಹಾರ್ಪಿನ ಶ್ರುತಿ ಕೂಡಿಸಲು ಒದ್ದಾಡಿ, ಕೊನೆಗೆ ಹಗೂರ ಶುರು ಮಾಡಿದೆ. ಎಲ್ಲ ಸರಿಯಾಗಿ ಏರಿತು, ಇಳಿಯಿತು. ಆ ಜಾಗ ಬಂತು. ನನ್ನ ಕೈ ತಾನಾಗಿ ನಿಂತಿತು. ಕೆಂಪು ತಂತಿ ನನ್ನ ಬೆರಳಿನ ಪಕ್ಕದಲ್ಲೇ ಇತ್ತು, ಮೀಟಿ ಮುಂದಕ್ಕೆ ಹೋಗಬಹುದಿತ್ತು. ಹೋಗಲಾಗಲಿಲ್ಲ. ಫ್ಯಾನಿನ ಸದ್ದು, ಹೊರಗೆ ತೆಂಗಿನ ಗರಿಯ ಸದ್ದು.

"ಎಂತ ಮಾರಾಯಾ, ಮರೆತು ಹೋಯಿತಾ?" ಎಂದಳು ಅಕ್ಕ.

ಮರೆತಿರಲಿಲ್ಲ. ಅಲ್ಲಿ ನುಡಿಸಬೇಕಾದ ಬೆರಳು ಕುಷ್ಟಗಿಯಲ್ಲಿತ್ತು.