ಸೀಟು ಹಿಡಿಯಲು ಬಂದ ಅತ್ತೆ

ಕೇಳ್ರಮ್ಮಾ, ಇವತ್ತು ಮಧ್ಯಾಹ್ನ ನಮ್ಮ ಮನೆಯಲ್ಲಿ ಸವಳಂಗದ ಬಸುರಿ ಹುಡುಗಿಗೆ ಮೊಗ್ಗಿನ ಜಡೆ ಹಾಕಬೇಕಿತ್ತು. ಇಲ್ಲೇ ನಮ್ಮ ನ್ಯಾಮತಿಯ ಸ್ಟುಡಿಯೋದಲ್ಲಿ ಕನ್ನಡಿಗೆ ಬೆನ್ನು ಮಾಡಿ ಸೀಮಂತದ ಫೋಟೊ ತೆಗೆಸುವ ಆಸೆ ಅವಳಿಗೆ. ತಡ ಮಾಡಿದರೆ ಮೊಗ್ಗು ಅರಳುತ್ತದೆ ಎಂದು ಮೊದಲೇ ಹೇಳಿದ್ದೆ.

ಹೊತ್ತಿಗೆ ಸರಿಯಾಗಿ ಬಂದದ್ದು ಅವಳ ಅತ್ತೆ. ಬಂದವರೇ ಕುರ್ಚಿಯಲ್ಲಿ ಕೂತರು.

"ಸೊಸೆ ಮುಂದಿನ ಬಸ್ಸಿಗೆ ಬರ್ತಾಳ್ರೀ. ಅಲ್ಲೀತನಕ ಸೀಟ್ ಹಿಡಿಯಾಕೆ ನಾನು ಬಂದೀನಿ."

"ಟವಲ್ ಹಾಕಿ ಸೀಟ್ ಹಿಡಿಯಾಕೆ ಇದೇನು ಬಸ್ಸೇನ್ರೀ?" ಎಂದೆ.

ಕಾದೆವು. ಬಸ್ಸಿನ ಸುಳಿವಿಲ್ಲ. ಒದ್ದೆ ಬಟ್ಟೆಯಲ್ಲಿದ್ದ ಮೊಗ್ಗು ಬಾಯಿ ಬಿಡತೊಡಗಿತು. ನನಗೆ ಸಿಟ್ಟು ನೆತ್ತಿಗೇರಿತು.

"ಕುರ್ಚಿ ಮ್ಯಾಲೆ ಯಾರ ತಲೆ ಐತೋ ಅವರಿಗೇ ಜಡೆ," ಎಂದು ಅತ್ತೆಯ ತುರುಬು ಬಿಚ್ಚಿ, ಜಡೆ ಹೆಣೆದು, ಮೊಗ್ಗು ಹೊಲಿದುಬಿಟ್ಟೆ. ಅವರು ಬೇಡ ಬೇಡ ಎನ್ನುತ್ತಲೇ ಕತ್ತು ನೆಟ್ಟಗೆ ಹಿಡಿದು ಕೂತಿದ್ದರು.

ಆಮೇಲೆ ಬಂದ ಸೊಸೆ, ಅತ್ತೆಯನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಲ್ಲೇ ಹೆರಿಗೆ ಆದೀತೆಂದು ನನಗೆ ಭಯ.

"ತಿರುಗ್ರೀ, ಬಿಚ್ಚಿ ಅವಳಿಗೆ ಕಟ್ತೀನಿ," ಎಂದೆ.

ಅತ್ತೆ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ತಡೀರಿ. ನನ್ನ ಮದುವೇಲೂ ಯಾರೂ ಇದನ್ನ ಹಾಕಿರ್ಲಿಲ್ಲ. ಮೊದ್ಲು ನಂದೊಂದು ಫೋಟೊ ಆಗ್ಲಿ. ಆಮೇಲೆ ಅಲ್ಲೇ ಬಿಚ್ಚಿ ಇವಳಿಗೆ ಕಟ್ರಿ."

"ನಡೀರಿ ಅತ್ತೆ, ಅರಳೋದ್ರೊಳಗೆ ಹೋಗಾಣ," ಎಂದಳು ಸೊಸೆ.

ಸೂಜಿ ದಾರ ಹಿಡಿದು ನಾನೂ ಹಿಂದೆ ಓಡಿದೆ. ಬೀದಿಯುದ್ದಕ್ಕೂ ಅತ್ತೆ ತಲೆಗೆ ಸೆರಗು ಹೊದೆಯಲೇ ಇಲ್ಲ. ಒಂದೇ ಜಡೆಗೆ ಎರಡು ಫೋಟೊ ಆಯಿತು.

ಇನ್ನುಮುಂದೆ ಸೀಟು ಹಿಡಿಯಲು ಬರುವವರು ಒಳ್ಳೆ ಸೀರೆ ಉಟ್ಟುಕೊಂಡೇ ಬನ್ನಿ.