ಆಕಾಶದಲ್ಲಿ ಹೋಗೋರನ್ನ ಊಟಕ್ಕೆ ಕರೆದದ್ದು

ಕೇಳ್ರಪ್ಪಾ, ಇವತ್ತು ಸಂಜೆ ನಮ್ಮ ಬಾಡಿಗೆ ಮನೆ ಯಜಮಾನಿ ಸಾಕಮ್ಮನವರ ಹತ್ರ ಬೈಸ್ಕೊಂಡೆ. ದೊಡ್ಡಬಳ್ಳಾಪುರದ ನೇಕಾರರ ಬೀದಿ, ಮಗ್ಗ ನಿಲ್ಲಿಸಿ ಎಲ್ರೂ ಅಂಗಳದಲ್ಲಿ ಊಟಕ್ಕೆ ಕೂತಿದ್ವಿ. ಆಕಾಶದಲ್ಲಿ ಒಂದು ಚುಕ್ಕಿ ಸರಸರ ಹೋಗ್ತಿತ್ತು.

"ಅದು ಚುಕ್ಕಿ ಅಲ್ಲ ಸಾಕಮ್ಮೋರೇ, ಅಮೆರಿಕದವರು ಈ ಎಪ್ಪತ್ಮೂರನೇ ಇಸವೀಲಿ ಹಾರಿಸಿದ ಬಾಹ್ಯಾಕಾಶ ನಿಲ್ದಾಣ. ಒಳಗೆ ಮೂರು ಜನ ಅವ್ರೆ, ಪೇಪರಲ್ಲಿ ಬಂದಿದೆ" ಅಂದೆ.

"ಊಟದ ಹೊತ್ತಲ್ಲಿ ಮನುಷ್ಯರು ಹೋಗ್ತಾವ್ರೆ ಅಂತೀಯ, ಕರೆಯೋದು ಬೇಡ್ವೇನೋ? ಇಷ್ಟೇನಾ ನೀನು ಓದಿರೋದು?" ಅಂತ ಗದರಿ, ಕತ್ತೆತ್ತಿ ಕೂಗೇಬಿಟ್ರು: "ಬನ್ರಪ್ಪಾ, ಒಂದು ಮುದ್ದೆ ಉಂಡ್ಕೊಂಡು ಹೋಗಿ!"

ನಕ್ಕೆ. ಆಮೇಲೆ ನಗೋಕಾಗ್ಲಿಲ್ಲ. ಹೋದ ವರ್ಷ ಕೆಲಸ ಹುಡುಕ್ಕೊಂಡು ಇದೇ ಬೀದೀಲಿ ಹಸಿದು ಹೋಗ್ತಿದ್ದ ನನ್ನನ್ನೂ ಹೀಗೇ ಕರೆದಿದ್ರು. ಬಂದು ಕೂತವನು ಇನ್ನೂ ಎದ್ದಿಲ್ಲ.

ಆ ಮೂವರು ನಿಲ್ಲದೆ ಹೋದ್ರು. ಅವರ ಪಾಲಿನ ಮುದ್ದೇನೂ ನನ್ನ ತಟ್ಟೆಗೇ ಬಿತ್ತು.